ಇನ್ನು ಮುಂದೆ ಟೊಕ್ ಎನ್ನತಕ್ಕದ್ದಲ್ಲ

ಸುಳ್ಳು ಕಥೆ ಹೇಳುವವರು ತಲೆ ಮುಟ್ಟಿ ಆಣೆ ಇಡುತ್ತಾರೆ. ಇದು ನಿಜವಾಗಿ ನಡೆದದ್ದು, ಹಾಗಾಗಿ ಯಾರ ತಲೆಯನ್ನೂ ಮುಟ್ಟುವ ಅಗತ್ಯವಿಲ್ಲ. ಮುಟ್ಟಿದರೆ ಕೂದಲೆಲ್ಲ ಹಿಟ್ಟಾದೀತು, ಏಕೆಂದರೆ ಇದು ಹಿಟ್ಟು ಕಲಸುವವರ ಕಥೆ. ಅವರ ಕೈಗಿಂತ ಹೆಚ್ಚಾಗಿ ಅವರ ಬಾಯಿಯ ಕಥೆ.

ಆ ಬಾಯಿಗೆ ಸಿಕ್ಕಿಕೊಂಡವಳು ಪುಟ್ಟಿ. ಹೆಸರು ಕೇಳಿ ಎರಡು ಜಡೆಯ ಹುಡುಗಿಯನ್ನು ಊಹಿಸಿಕೊಳ್ಳಬೇಡಿ. ಮನೆಯಲ್ಲಿ ಕೊನೆಯವಳಾಗಿ ಹುಟ್ಟಿದ ತಪ್ಪಿಗೆ, ಐವತ್ತು ದಾಟಿ ಓದುವ ಕನ್ನಡಕ ಬಂದರೂ ಅವಳು ಪುಟ್ಟಿಯೇ. ದೊಡ್ಡ ರಸ್ತೆಯ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಡಾಕ್ಟರುಗಳ ಅಕ್ಷರ ಶಾಯಿಗೆ ಬಿದ್ದ ಇರುವೆ ಎದ್ದು ನಡೆದ ಹಾಗಿರುತ್ತದಲ್ಲ, ಅದು ಅವಳಿಗೆ ಅಚ್ಚಾದ ಪುಸ್ತಕದಂತೆ ಕಾಣುತ್ತದೆ. ಅದನ್ನು ಓದಿ, ಡಬ್ಬಿಯ ಮೇಲೆ ಚೀಟಿ ಅಂಟಿಸಿ, ಎದುರಿಗಿರುವವರ ಮುಖ ನೋಡಿ ಒಂದೊಂದೇ ಮಾತು ಬಿಡಿಸಿ ಹೇಳುತ್ತಾಳೆ. "ಇದು ಊಟಕ್ಕೆ ಮುಂಚೆ. ಇದು ಊಟ ಆದ್ಮೇಲೆ. ಅಗೀಬಾರ್ದು, ನುಂಗ್ಬೇಕು. ಮರೆತ್ರೆ ಡಬ್ಬಿ ನೋಡಿ, ಬರ್ದಿದೀನಿ." ಮಾತಿಗೆ ಮೊದಲು ಒಂದು ಸಣ್ಣ ಕೆಮ್ಮು, ಮಾತು ಮುಗಿದ ಮೇಲೆ ಒಂದು "ಆಯ್ತಾ?" ಒಂದು ಮಾತಿಗೆ ಒಂದೇ ಅರ್ಥ ಇರಬೇಕು, ಎರಡಾದರೆ ಆಸ್ಪತ್ರೆ ಎಂಬುದು ಅವಳ ಗಟ್ಟಿ ನಂಬಿಕೆ.

ಇಂಥವಳು ಅಂತರ್ಜಾಲದ 'ಹಿಟ್ಟಿನ ಕೈ' ಗುಂಪಿಗೆ ಸೇರಿದ್ದೇ ಎಡವಟ್ಟಾಯಿತು.

ಅಂಗಡಿಯ ಯೀಸ್ಟ್ ಮುಟ್ಟದೆ, ಹಿಟ್ಟು ನೀರು ಕಲಸಿ ಜಾಡಿಯಲ್ಲಿ ಹುಳಿ ಬರಿಸಿದ ಹುದುಗಿನಿಂದಲೇ ಮನೆಯಲ್ಲಿ ಬ್ರೆಡ್ ಮಾಡುವವರ ಗುಂಪು ಅದು. ಅಲ್ಲಿ ಯಾರೂ ಸ್ವಂತ ಹೆಸರು ಹಾಕುವುದಿಲ್ಲ. ಶುರು ಮಾಡಿದವರು ಒಬ್ಬ ದಂತವೈದ್ಯರು, ಎಲ್ಲರ ಬಾಯಲ್ಲಿ ಹಲ್ಲು ಡಾಕ್ಟ್ರು. ಬ್ರೆಡ್ ಮಾಡುವವರ ಗುಂಪನ್ನು ಹಲ್ಲಿನವರು ಯಾಕೆ ನಡೆಸಬೇಕು ಎಂದು ಕೇಳಿದರೆ, "ಗಿರಾಕಿಗಳನ್ನ ನಾವೇ ತಯಾರು ಮಾಡ್ಕೋಬೇಕಲ್ವಾ" ಎನ್ನುತ್ತಾರೆ. ಪುಟ್ಟಿ 'ಔಷಧಿ ಅಂಗಡಿ' ಎಂದು ಹೆಸರು ಹಾಕಿಕೊಂಡು ಸೇರಿದಳು. ವಾರದೊಳಗೆ ಅವಳನ್ನು ಮಾತ್ರೆ ಮೇಡಂ ಮಾಡಿಬಿಟ್ಟರು. ಎಷ್ಟು ಹಿಟ್ಟಿಗೆ ಎಷ್ಟು ಉಪ್ಪು, ಓವನ್ ಎಷ್ಟು ಬಿಸಿ ಎಂದು ಕೂದಲೆಳೆ ತಪ್ಪದಂತೆ ಹೇಳುತ್ತಿದ್ದುದರಿಂದ ಡಾಕ್ಟ್ರು ಅವಳಿಗೆ ಗುಂಪಿನ ಮೇಲ್ವಿಚಾರಣೆಯನ್ನೂ ವಹಿಸಿದರು.

ಅವಳ ಬ್ರೆಡ್ಡಿನ ಮೇಲೆ ಯಾರ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಅವಳಿಗೆ, ಅಲ್ಲಿನ ಭಾಷೆಯ ಮೇಲೆ.

ಜಾಡಿಯ ಹುದುಗನ್ನು ಅಲ್ಲಿ ಹುದುಗು ಎನ್ನುವವರಿಲ್ಲ. 'ಅತ್ತೆ' ಎನ್ನುತ್ತಾರೆ. ಹೊತ್ತಿಗೆ ಸರಿಯಾಗಿ ಊಟ ಹಾಕದಿದ್ದರೆ ಹುಳಿಯಾಗುತ್ತಾಳೆ, ಹಾಕಿದರೆ ಉಬ್ಬುತ್ತಾಳೆ, ಅದಕ್ಕೆ. ಹೀಗಾಗಿ ಬೆಳಗ್ಗೆ ಗುಂಪು ತೆರೆದರೆ ಕಣ್ಣಿಗೆ ಬೀಳುವುದು "ಅತ್ತೇನ ಫ್ರಿಜ್ಜಲ್ಲಿಟ್ಟು ಪ್ರವಾಸ ಹೋಗಿದ್ವಿ, ಬಂದು ನೋಡಿದ್ರೆ ಬೂಷ್ಟು", "ನಮ್ಮತ್ತೇಲಿ ಅರ್ಧ ನಿಮಗೆ ಕೊಡ್ತೀನಿ, ಬಾಟ್ಲಿ ತನ್ನಿ". ಓವನ್ ಎಂದರೆ 'ಜೈಲು', ಹೊರಗೆ ತೆಗೆದರೆ 'ಬಿಡುಗಡೆ'. ಉಬ್ಬದೆ ಕೂತ ಬ್ರೆಡ್ 'ಇಟ್ಟಿಗೆ'. ಕೊಯ್ದಾಗ ಕಾಣುವ ಒಳಭಾಗ 'ಹೊಟ್ಟೆ'. ಯಾರಾದರೂ ಒಂದು ಫೋಟೋ ಹಾಕಿದರೆ ಸಾಕು, ಕೆಳಗೆ ಸಾಲುಗಟ್ಟಿ "ಹೊಟ್ಟೆ ತೋರ್ಸಿ, ಹೊಟ್ಟೆ ತೋರ್ಸಿ" ಎಂಬ ಗಲಾಟೆ. ಮೊದಲ ಸಲ ಒಬ್ಬ ಅಪರಿಚಿತ ಗಂಡಸು "ಮೇಡಂ, ಹೊಟ್ಟೆ ತೋರಿಸಿ" ಎಂದು ಬರೆದಾಗ ಪುಟ್ಟಿ ಫೋನನ್ನು ಕವುಚಿ ಇಟ್ಟು, ಅಂಗಡಿಯ ಬಿಳಿ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದಳು.

ಎಲ್ಲಕ್ಕಿಂತ ಅಸಹ್ಯ 'ಟೊಕ್'. ಚೆನ್ನಾಗಿ ಬೆಂದ ಬ್ರೆಡ್ಡನ್ನು ಬೋರಲು ಹಾಕಿ ಬೆರಳಿನಿಂದ ತಟ್ಟಿದರೆ ಅಂಥದೊಂದು ಪೊಳ್ಳು ಸದ್ದು ಬರುತ್ತದೆ. ಬ್ರೆಡ್ಡಿಗೆ ಹೇಳಿಕೊಳ್ಳಲಿ, ಯಾರು ಬೇಡ ಎಂದರು? ಆದರೆ ಇವರಿಗೆ ಬೆಳಗ್ಗೆ ಎದ್ದರೂ ಟೊಕ್, ಮಲಗಲು ಹೊರಟರೂ ಟೊಕ್. ಮಗಳಿಗೆ ಕೆಲಸ ಸಿಕ್ಕಿತೇ, ಟೊಕ್‌ಟೊಕ್. ಮೊಣಕಾಲಿನ ಆಪರೇಷನ್ನಿಗೆ ಹೊರಟವರಿಗೆ "ಟೊಕ್ ಆಗಿ ಬನ್ನಿ". ಹೆಂಡತಿಯೊಡನೆ ಜಗಳವಾಡಿದವನು "ಮನೇಲಿ ಇವತ್ತು ಟೊಕ್ ಇಲ್ಲ" ಎಂದು ಅಳುತ್ತಾನೆ. ಪ್ರತಿ ಭಾನುವಾರ ಮಧ್ಯಾಹ್ನ ಎಲ್ಲರೂ ಒಂದೇ ಕರೆಯಲ್ಲಿ ಸೇರಿ, ಅಂದಿನ ಬ್ರೆಡ್ಡನ್ನು ಫೋನಿನ ಹತ್ತಿರ ಹಿಡಿದು ಒಬ್ಬರಾದ ಮೇಲೊಬ್ಬರು ತಟ್ಟಿ ಕೇಳಿಸುವುದು ಗುಂಪಿನ ರೂಢಿ. ಆ ಕರೆಗೆ ಪುಟ್ಟಿ ಯಾವತ್ತೂ ಹೋಗಿರಲಿಲ್ಲ.

"ನೋಡ್ರೀ, ಧನ್ಯವಾದ ಅನ್ನೋಕೆ ಇವ್ರಿಗೆ ಬಾಯಿ ಬರಲ್ವಾ? ಟೊಕ್ ಅಂತೆ. ಮರಕುಟಿಗಗಳು!" ಎಂದು ಗಂಡನಿಗೆ ದೂರು ಹೇಳಿದಳು.

ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಗಾಡಿ ಕಲಿಸುವವನು. ಅವನ ಸಮಾಧಾನವೆಲ್ಲ ರಸ್ತೆಯಿಂದಲೇ ಬರುತ್ತದೆ. "ಪಕ್ಕದ ಗಾಡಿ ಹಾರ್ನ್ ಹೊಡೆದ್ರೆ ನೀನ್ಯಾಕೆ ಬ್ರೇಕ್ ಒತ್ತಬೇಕು?"

"ಎಲ್ರೂ ಹಾರ್ನೇ ಹೊಡೀತಿದಾರೆ, ಓಡಿಸೋರು ಒಬ್ರೂ ಇಲ್ಲ."

"ಹಾಗಾದ್ರೆ ಇಳಿದುಬಿಡು."

ಇಳಿಯುವ ಜಾಯಮಾನ ಅವಳದಲ್ಲ. ಆದರೂ ಹಲ್ಲು ಕಚ್ಚಿಕೊಂಡು ಇರುತ್ತಿದ್ದಳೇನೋ. ನಡುವೆ ಅಕ್ಕನ ವಿಷಯ ಬಂತು.

ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ವಿಭಾಗದಲ್ಲಿದ್ದು ನಿವೃತ್ತಳಾದವಳು. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಹೊಲಿಯುವವರಿಗೆ ಗುರುತು ಸಿಗಲೆಂದು ಅಂಚಿನಲ್ಲಿ ಪುಟ್ಟ ಪುಟ್ಟ ಕಚ್ಚು ಹಾಕಿ ಕತ್ತರಿಸುವ ಕೆಲಸ. ಕೈಗಿಂತ ಅವಳ ಗಂಟಲು ಹೆಸರುವಾಸಿ. ಮ್ಯಾನೇಜರ್ ಬರುವ ಮೊದಲೇ ಅವರ ಧ್ವನಿಯಲ್ಲಿ ಗದರಿ ಇಡೀ ವಿಭಾಗವನ್ನು ಮೇಜಿಗೆ ಓಡಿಸುತ್ತಿದ್ದಳು. ಚಿಕ್ಕವಳಿದ್ದಾಗ ಅಪ್ಪನ ಧ್ವನಿಯಲ್ಲಿ "ಪುಟ್ಟೀ, ಪುಸ್ತಕ ತಗೊಂಬಾ" ಎಂದು ಕರೆದರೆ, ಪುಟ್ಟಿ ನಡುಗುತ್ತ ಪುಸ್ತಕ ತರುತ್ತಿದ್ದಳು, ಅಪ್ಪ "ನಾನ್ಯಾವಾಗ ಕರೆದೆ?" ಎಂದು ತಾವೇ ಗಾಬರಿಯಾಗುತ್ತಿದ್ದರು.

ಭಾವ ತೀರಿಕೊಂಡು ವರ್ಷವಾಗಿತ್ತು. ಅಂದಿನಿಂದ ಅಕ್ಕ ಇನ್ನೊಬ್ಬರ ಧ್ವನಿ ತೆಗೆದದ್ದೇ ಇಲ್ಲ. ತನ್ನ ಧ್ವನಿಯೂ ಅಷ್ಟಕ್ಕಷ್ಟೆ. ಪುಟ್ಟಿ ಹೋದಾಗಲೆಲ್ಲ ಟೀವಿ ತನ್ನ ಪಾಡಿಗೆ ಮಾತಾಡುತ್ತಿರುತ್ತಿತ್ತು, ಅಕ್ಕ ಬಾಲ್ಕನಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಮನೆಗೆ ತಂದುಕೊಂಡಿದ್ದ ಕಟಿಂಗ್ ಮೇಜಿನ ಮೇಲೆ ಮಡಿಕೆ ಬಿಚ್ಚದ ದಿನಪತ್ರಿಕೆಗಳ ರಾಶಿ.

ಇದು ಹೀಗೇ ಬಿಟ್ಟರೆ ಕೈ ತಪ್ಪಿ ಹೋಗುತ್ತದೆ ಎಂದು ಪುಟ್ಟಿಗೆ ದಿಗಿಲಾಯಿತು. ತನ್ನ ಹುದುಗಿನಲ್ಲಿ ಅರ್ಧ ಕೊಟ್ಟು, ಅಕ್ಕನ ಫೋನನ್ನು ಕೈಯಿಂದ ಕಿತ್ತುಕೊಂಡು ತಾನೇ ಒತ್ತಿ, 'ಮಾತ್ರೆ ಮೇಡಂ ಅಕ್ಕ' ಎಂದು ಹೆಸರನ್ನೂ ತಾನೇ ಹಾಕಿ ಗುಂಪಿಗೆ ಸೇರಿಸಿದಳು.

ಮರುದಿನ ಅಕ್ಕ ಮೊದಲ ಸಲ ಬರೆದಳು. "ನನ್ನ ಹಿಟ್ಟು ಉಬ್ಬಿಲ್ಲ, ಏನು ಮಾಡ್ಲಿ?"

"ಅತ್ತೆ ಮುನಿಸ್ಕೊಂಡಿದಾಳೆ" ಎಂದು ಒಬ್ಬರು. "ಬೆಚ್ಚಗೆ ಹೊದಿಸಿ ಮಾತಾಡ್ಸಿ" ಎಂದು ಇನ್ನೊಬ್ಬರು. "ಜೈಲಿಗೆ ತಳ್ಳೇಬಿಡಿ. ಇಟ್ಟಿಗೆ ಆದ್ರೂ ಪರ್ವಾಗಿಲ್ಲ, ಹೊಟ್ಟೆ ತೋರ್ಸಿ. ಟೊಕ್!" ಎಂದು ಹಲ್ಲು ಡಾಕ್ಟ್ರು.

ಪುಟ್ಟಿ ಅಂಗಡಿಯಲ್ಲಿ ಗಿರಾಕಿಯ ಕೈಗೆ ಅರ್ಧ ಔಷಧಿ ಕೊಟ್ಟು ನಿಲ್ಲಿಸಿ, ಒಂದೊಂದು ಉತ್ತರದ ಕೆಳಗೂ ಅರ್ಥ ಬರೆದಳು. ಅತ್ತೆ ಎಂದರೆ ಹುದುಗು. ಜೈಲು ಎಂದರೆ ಓವನ್. ಕೊನೆಗೆ ಒಂದು ಎಚ್ಚರಿಕೆ: "ಇವರು ನನ್ನ ಸ್ವಂತ ಅಕ್ಕ. ಇವರ ಮನೆಯಲ್ಲಿ ಸಾವಾಗಿದೆ, ಮನಸ್ಸು ಸರಿಯಿಲ್ಲ. ಇವರ ಹತ್ತಿರ ತಮಾಷೆ ಮಾಡದೆ ನೇರವಾಗಿ ಮಾತಾಡಿ."

ಗುಂಪಿನ ತಮಾಷೆಯೆಲ್ಲ ಒಮ್ಮೆಲೇ ಗಪ್‌ಚಿಪ್. ಮರುಕ್ಷಣವೇ "ಕ್ಷಮಿಸಿ", "ಪಾಪ", "ಗೊತ್ತಿರಲಿಲ್ಲ ಅಕ್ಕಾ", ಕೈ ಮುಗಿದ ಚಿತ್ರಗಳು. ಮರುದಿನ ನೋಡಿದರೆ ಅಕ್ಕ ಗುಂಪು ಬಿಟ್ಟಿದ್ದಳು.

"ಯಾಕೆ ಬಿಟ್ಟೆ?" ಎಂದು ಪುಟ್ಟಿ ಫೋನು ಮಾಡಿದಳು.

"ತಲೆನೋವು ಕಣೇ."

"ಅವ್ರ ಭಾಷೆಗೆ ತಾನೆ?"

"ಹೂಂ, ಹಾಗೇ ಅಂದ್ಕೋ" ಎಂದಳು.

ಆಮೇಲೆ ಅಕ್ಕನ ಫೋನು ಮಾತೂ ಮೊಟಕಾಯಿತು. "ಕೈ ಖಾಲಿ ಇಲ್ಲ ಪುಟ್ಟಿ, ಆಮೇಲೆ ಮಾಡ್ತೀನಿ" ಎನ್ನುವಳು. ಮಾಡುತ್ತಿರಲಿಲ್ಲ. ಭಾನುವಾರ ಬರುತ್ತೇನೆಂದರೆ "ಈ ವಾರ ಬೇಡ". ಒಂಟಿ ಮನೆಯಲ್ಲಿ ಟೀವಿ ನೋಡುವವಳಿಗೆ ಕೈ ಖಾಲಿ ಇಲ್ಲದಿರಲು ಯಾವ ಘನಕಾರ್ಯ? ಅಕ್ಕ ಬಾಗಿಲು ಮುಚ್ಚಿಕೊಂಡು ಒಳಗೊಳಗೇ ಕುಸಿಯುತ್ತಿದ್ದಾಳೆ ಎಂದು ಪುಟ್ಟಿ ತೀರ್ಮಾನಿಸಿದಳು. ತೆರೆದಿದ್ದ ಒಂದೇ ಒಂದು ಬಾಗಿಲನ್ನೂ ಈ ಟೊಕ್ ಪಟಾಲಂ ಧಡಾರನೆ ಹಾಕಿಬಿಟ್ಟಿತ್ತು.

ಅದೇ ಹೊತ್ತಿಗೆ ಗುಂಪಿಗೆ 'ಮೂರನೇ ಮಹಡಿ' ಎಂಬ ಹೊಸ ಪ್ರಾಣಿ ಬಂದು ವಕ್ಕರಿಸಿತು. ಗಂಡೋ ಹೆಣ್ಣೋ ಬರಹದಿಂದ ಗೊತ್ತಾಗುತ್ತಿರಲಿಲ್ಲ. ಹಳೆಯ ಪದಗಳು ಸಾಲದು ಎಂಬಂತೆ ಅದು ಹೊಸ ಹೊಸದನ್ನು ಹುಟ್ಟಿಸತೊಡಗಿತು. ಬ್ರೆಡ್ಡಿನ ತಳ ಸೀದರೆ 'ಚಪ್ಪಲಿ ಸವೆದಿದೆ'. ಆರುವ ಮೊದಲೇ ಕದ್ದು ಮುರಿದುಕೊಂಡ ತುಂಡು 'ಮುಂಗಡ'. ಹಿಟ್ಟನ್ನು ನಾದುವುದು 'ಸಮಾಧಾನ ಮಾಡೋದು'. ಸಾಲದ್ದಕ್ಕೆ ಒಬ್ಬೊಬ್ಬರನ್ನೂ ಅವರದೇ ಧಾಟಿಯಲ್ಲಿ ಅಣಕಿಸಿ ಬರೆಯುತ್ತಿತ್ತು. ಹಲ್ಲು ಡಾಕ್ಟ್ರ ಧಾಟಿಯಲ್ಲಿ: "ಬಾಯಿ ತೆರೀರಿ. ಇನ್ನೂ. ಇನ್ನೂ ಸ್ವಲ್ಪ. ನೋವಾಗಲ್ಲ. ಹಾಂ, ಈಗ ಬ್ರೆಡ್ ಹಾಕ್ಕೊಳ್ಳಿ." ಗುಂಪು ಬಿದ್ದು ಬಿದ್ದು ನಕ್ಕಿತು. ಡಾಕ್ಟ್ರೇ ಅದನ್ನು ತಮ್ಮ ಕ್ಲಿನಿಕ್ಕಿನಲ್ಲಿ ನೇತುಹಾಕಿಕೊಂಡರಂತೆ.

ಮೂರನೇ ಮಹಡಿ ಏನು ಬರೆದರೂ ಪುಟ್ಟಿ ಅದರ ಕೆಳಗೆ ಹೋಗಿ ನಿಲ್ಲುತ್ತಿದ್ದಳು. "ದಯವಿಟ್ಟು ಎಲ್ಲರಿಗೂ ತಿಳಿಯುವ ಪದ ಬಳಸಿ." ಉತ್ತರ ಬಹಳ ವಿನಯದ್ದು: "ಆಗಲಿ ಮೇಡಂ. ಟೊಕ್." ಅದು ಹಾಕಿದ ಬ್ರೆಡ್ಡಿನ ಫೋಟೋಗಳನ್ನು ಮಾತ್ರ ಅವಳು ಒಂದನ್ನೂ ನೋಡಿರಲಿಲ್ಲ. ಮಾತು ನೋಡುವುದರಲ್ಲೇ ಅವಳ ಕಣ್ಣು ಕೆಂಪಾಗಿರುತ್ತಿತ್ತು, ಇನ್ನು ಬ್ರೆಡ್ ನೋಡಲು ಪುರಸೊತ್ತೆಲ್ಲಿ?

ಒಂದು ದಿನ ಅವಳ ತಾಳ್ಮೆಯ ಡಬ್ಬಿ ತಳ ಕಂಡಿತು. ಅಕ್ಕನಿಗೆ ಮತ್ತೆ ಮತ್ತೆ ಕರೆ ಮಾಡಿದರೂ ಎತ್ತಿರಲಿಲ್ಲ. ಅಂಗಡಿಯ ಹಿಂದಿನ ಉಗ್ರಾಣದಲ್ಲಿ, ಕೆಮ್ಮಿನ ಔಷಧಿಯ ಪೆಟ್ಟಿಗೆಯ ಮೇಲೆ ಕೂತು, ಅವಳು ಗುಂಪಿಗೆ ಬರೆದಳು.

"ನಿಮಗೆ ಇದು ತಮಾಷೆ. ನನ್ನ ಅಕ್ಕನಿಗೆ ಈಗ ನಾಲ್ಕು ಜನರ ಜೊತೆ ಬೇಕಾಗಿತ್ತು. ನೀವು ನಾಲ್ಕು ಜನ ಇದ್ದಿರಿ. ಆದರೆ ನಿಮ್ಮ ಮಾತಿಗೆ ಹೆದರಿ ಅವಳು ಓಡಿಹೋದಳು. ಈಗ ನನ್ನ ಫೋನನ್ನೂ ಎತ್ತುವುದಿಲ್ಲ. ಇನ್ನು ಮುಂದೆ ಈ ಗುಂಪಿನಲ್ಲಿ ಅತ್ತೆ, ಜೈಲು, ಹೊಟ್ಟೆ, ಟೊಕ್ ಎನ್ನತಕ್ಕದ್ದಲ್ಲ. ಎನ್ನುವುದಾದರೆ ನಾನು ಇರತಕ್ಕದ್ದಲ್ಲ. ಆಯ್ತಾ?"

ಮೊದಲು ಮಾತಾಡಿದ್ದು ಮೂರನೇ ಮಹಡಿ. "ಮೇಡಂ ಹೇಳೋದು ಸರಿ. ನಾಳೆಯಿಂದ ಎಲ್ಲರೂ ಮೇಡಂ ಹೇಳಿದ ಹಾಗೇ ಮಾತಾಡೋಣ." ಹಿಂದೆಯೇ ಡಾಕ್ಟ್ರು "ಒಪ್ಪಿಗೆ", ಉಳಿದವರು "ಒಪ್ಪಿಗೆ".

ಇಷ್ಟು ಸಲೀಸಾಗಿ ಗೆದ್ದರೆ ಅನುಮಾನ ಬರಬೇಕಿತ್ತು. ಪುಟ್ಟಿಗೆ ಬಂದದ್ದು ನಿದ್ದೆ. ತುಂಬ ದಿನಗಳ ಮೇಲೆ ಸುಖವಾಗಿ ಮಲಗಿದಳು.

ಮರುದಿನ ಗುಂಪು ತೆರೆದರೆ ಕನ್ನಡಿ ಒರೆಸಿ ಇಟ್ಟ ಹಾಗೆ ಮಾತು. "ನನ್ನ ಹುದುಗು ಈ ದಿನ ಬೆಳಗ್ಗೆ ಉಬ್ಬಿರುತ್ತದೆ" ಎಂದು ಒಬ್ಬರು. "ಬ್ರೆಡ್ಡನ್ನು ಓವನ್‌ನಲ್ಲಿ ಇಡಲಾಗಿದೆ. ಹೊರಗೆ ತೆಗೆದ ಬಳಿಕ ತಿಳಿಸಲಾಗುವುದು" ಎಂದು ಇನ್ನೊಬ್ಬರು. ಪುಟ್ಟಿ ತಿಂಡಿ ತಿನ್ನುತ್ತಿದ್ದ ಗಂಡನಿಗೆ ಓದಿ ಹೇಳಿದಳು.

"ನೋಡಿ, ಹೀಗೆ ಮಾತಾಡಿದ್ರೆ ಏನು ಕಷ್ಟ?"

"ಚೆನ್ನಾಗಿದೆ" ಎಂದು ಗಂಡ ಅಗಿಯುತ್ತಾ ಹೇಳಿದ. "ಯಾವಾಗ ಬರೆದೆ?"

"ನಾನಲ್ಲಾರೀ, ಅವ್ರು ಬರೆದಿದ್ದು."

"ಹೌದಾ? ನಿನ್ ಥರಾನೇ ಇತ್ತು."

ಅವಳು ಆ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಆದರೆ ಸಂಜೆಯ ಹೊತ್ತಿಗೆ ಗುಂಪಿನ ಮಾತಿನ ಹಿಟ್ಟು ಉಬ್ಬತೊಡಗಿತ್ತು. "ಬ್ರೆಡ್ಡನ್ನು ಊಟಕ್ಕೆ ಮುಂಚೆ ಒಂದು ತುಂಡು, ಊಟದ ಬಳಿಕ ಒಂದು ತುಂಡು ತೆಗೆದುಕೊಳ್ಳತಕ್ಕದ್ದು. ಅಗಿದು ನುಂಗಬೇಕು." "ಮಕ್ಕಳ ಕೈಗೆ ಸಿಗದಂತೆ ಇಡಿ. ಸಿಕ್ಕರೆ ನಿಮಗೆ ಉಳಿಯುವುದಿಲ್ಲ." "ಅಡ್ಡ ಪರಿಣಾಮಗಳು: ಬೆಣ್ಣೆ ಬೇಕೆನಿಸುವುದು, ಪ್ಯಾಂಟು ಬಿಗಿಯಾಗುವುದು, ನೆಂಟರು ಹೆಚ್ಚಾಗುವುದು." ಹಲ್ಲು ಡಾಕ್ಟ್ರು ತಮ್ಮ ಗಟ್ಟಿ ಬ್ರೆಡ್ಡಿನ ಫೋಟೋ ಹಾಕಿ ಕೆಳಗೆ ಬರೆದಿದ್ದರು: "ಕಚ್ಚಿದಾಗ ನೋವು ಮುಂದುವರಿದರೆ ನನ್ನನ್ನೇ ಕಾಣತಕ್ಕದ್ದು. ಆಯ್ತಾ?"

ಆ 'ಆಯ್ತಾ' ನೋಡಿ ಪುಟ್ಟಿಯ ಬೆರಳು ನಿಂತಿತು. ಮೇಲಿನಿಂದ ಮತ್ತೆ ಓದಿದಳು. ಪ್ರತಿಯೊಂದೂ ಅವಳು ಅಂಗಡಿಯಲ್ಲಿ ಆಡುವ ಮಾತೇ. ಇಡೀ ಗುಂಪು ಬಿಳಿ ಕೋಟು ತೊಟ್ಟು, ಕೌಂಟರಿನ ಹಿಂದೆ ಸಾಲಾಗಿ ನಿಂತು, ಅವಳನ್ನೇ ನೋಡುತ್ತಿದ್ದಂತಿತ್ತು. ಅವಳು ಅಕ್ಕನ ಸಂಕಟ ತೋಡಿಕೊಂಡದ್ದಕ್ಕೆ ಇವರ ಉತ್ತರ ಇದು!

'ಗುಂಪು ಬಿಡಿ' ಎಂಬ ಗುಂಡಿ ಎಲ್ಲಿದೆಯೆಂದು ಅವಳು ಹುಡುಕುತ್ತಿರುವಾಗಲೇ ಮೂರನೇ ಮಹಡಿಯಿಂದ ಒಂದು ಧ್ವನಿ ಸಂದೇಶ ಬಂತು. ಅದು ಈವರೆಗೆ ಬಾಯಿ ತೆರೆದದ್ದನ್ನು ಅವಳು ಕೇಳಿರಲಿಲ್ಲ. ಬಿಡುವ ಮೊದಲು ಇದರ ಧ್ವನಿ ಹೇಗಿದೆ ನೋಡಿಯೇ ಹೋಗೋಣ ಎಂದು ಒತ್ತಿದಳು.

ಮೊದಲು ಒಂದು ಸಣ್ಣ ಕೆಮ್ಮು. "ಇದು ಹುದುಗು. ಇದಕ್ಕೆ ಅತ್ತೆ ಅನ್ಬಾರ್ದು. ದಿನಕ್ಕೆ ಎರಡು ಸಲ ಊಟ ಹಾಕ್ಬೇಕು, ಮಾತಾಡಿಸ್ಬಾರ್ದು. ಮರೆತ್ರೆ ನನ್ನ ಕೇಳ್ಬೇಡಿ, ಜಾಡಿ ನೋಡಿ, ಬರ್ದಿದೀನಿ. ಆಯ್ತಾ?"

"ಬಂದೆ, ಬಂದೆ!" ಎಂದು ಗಂಡ ಹೊರಕೋಣೆಯಿಂದ ಎದ್ದು ಬಂದ. "ಯಾವ ಜಾಡಿ? ನಾನೇನೂ ಮುಟ್ಟಿಲ್ಲ."

ಪುಟ್ಟಿ ಅವನಿಗೆ ಸುಮ್ಮನಿರಲು ಸನ್ನೆ ಮಾಡಿದಳು. ಮತ್ತೊಮ್ಮೆ ಒತ್ತಿದಳು. ಅದು ಅವಳದೇ ಧ್ವನಿ. ಅವಳು ಮಾತಿಗೆ ಮುಂಚೆ ಕೆಮ್ಮುವ ಕೆಮ್ಮು ಅವಳಿಗೇ ಗೊತ್ತಿರಲಿಲ್ಲ, ಅದೂ ಇತ್ತು. 'ಬರ್ದಿದೀನಿ' ಎನ್ನುವಾಗ ಸ್ವಲ್ಪ ಮೂಗಿನಲ್ಲಿ ಎಳೆಯುವುದೂ ಇತ್ತು. ಅವಳನ್ನು ಹೀಗೆ ಒಳಗಿನಿಂದ ಬಲ್ಲ ಗಂಟಲು ಜಗತ್ತಿನಲ್ಲಿ ಒಂದೇ ಒಂದು. ಅದು ವರ್ಷದಿಂದ ಸುಮ್ಮನಿತ್ತು.

ಅವಳು ಸಂದೇಶ ಬಿಟ್ಟು ಮೂರನೇ ಮಹಡಿಯ ಫೋಟೋಗಳಿಗೆ ಹೋದಳು. ಮೊದಲ ಸಲ ಬ್ರೆಡ್ಡುಗಳನ್ನು ನೋಡಿದಳು. ಒಂದೊಂದರ ಮೇಲೂ ನಡುವೆ ನೂಲು ಹಿಡಿದಂತೆ ನೇರ ಸೀಳು, ಅಂಚಿನುದ್ದಕ್ಕೂ ಸಮಸಮನಾಗಿ ಪುಟ್ಟ ಪುಟ್ಟ ಕಚ್ಚು. ಹೊಲಿಯುವವರಿಗೆ ಗುರುತು ಸಿಗಲೆಂದು ಹಾಕುವ ಕಚ್ಚು. ಬ್ರೆಡ್ಡಿನ ಕೆಳಗೆ, ಸೀಮೆಸುಣ್ಣದ ಗೆರೆಗಳು ಇನ್ನೂ ಮಾಸದ ಕಟಿಂಗ್ ಮೇಜು. ಎಂಥೆಂಥ ಡಾಕ್ಟರುಗಳ ಬರಹ ಓದಿದವಳು, ಸ್ವಂತ ಅಕ್ಕನ ಕೈಬರಹವನ್ನು ಇಷ್ಟು ದಿನ ಕಣ್ಣೆದುರಿಗಿಟ್ಟುಕೊಂಡು 'ತಿಳಿಯುವ ಪದ ಬಳಸಿ' ಎಂದು ಬರೆಯುತ್ತಿದ್ದಳು.

"ಅಕ್ಕನ ಮನೆ ಎಷ್ಟನೇ ಮಹಡೀರೀ?" ಎಂದು ಗಂಡನನ್ನು ಕೇಳಿದಳು.

"ಮೂರು. ಲಿಫ್ಟ್ ಕೆಟ್ಟಾಗ ಗೊತ್ತಾಗಲ್ವಾ? ಯಾಕೆ?"

"ಏನಿಲ್ಲ. ನಾಳೆ ಭಾನುವಾರ, ಹೋಗ್ಬರ್ತೀನಿ."

ಹೇಳದೆ ಕೇಳದೆ ಹೋದಳು. ಮೂರು ಮಹಡಿ ಹತ್ತುವಷ್ಟರಲ್ಲಿ ಬೈಗುಳಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡಿದ್ದಳು. ಬಾಗಿಲು ತೆರೆದ ಅಕ್ಕನ ಮೊಣಕೈವರೆಗೂ ಹಿಟ್ಟು, ಹುಬ್ಬಿನ ಮೇಲೊಂದು ಬಿಳಿ ಗೆರೆ. ಟೀವಿಯ ಮೇಲೆ ಒಂದು ಒದ್ದೆ ಬಟ್ಟೆ ಒಣಗುತ್ತಿತ್ತು. ದಿನಪತ್ರಿಕೆಗಳು ಮೇಜಿನ ಕಾಲಡಿ ಹಾಸಿದ್ದವು, ಹಿಟ್ಟು ಬೀಳದಿರಲೆಂದು.

ಅಕ್ಕ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಗೊತ್ತಾಯ್ತಾ?" ಎಂದಳು ಅಕ್ಕ.

"ಹೂಂ" ಎಂದು ಪುಟ್ಟಿ ಒಳಗೆ ಬಂದು ಚಪ್ಪಲಿ ಬಿಟ್ಟಳು. ಜೋಡಿಸಿಕೊಂಡು ತಂದ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಓಡಿಹೋದೋಳು ಅಂತ ಎಲ್ರ ಮುಂದೆ ಬರೆದೆನಲ್ಲೇ. ನೀನು ಓದ್ತಾ ಕೂತಿದ್ಯಾ?"

"ಅಲ್ಲೇ ಕೂತಿದ್ದೆ. ನನ್ ಬಗ್ಗೆ ನಾನೇ ಓದಿ ನಂಗೇ ಅಯ್ಯೋ ಅನ್ನಿಸ್ತು."

"ಹೇಳ್ಬಹುದಿತ್ತಲ್ಲ ಅಕ್ಕಾ, ನಾನೇ ಮೂರನೇ ಮಹಡಿ ಅಂತ. ನಾನಿಲ್ಲಿ ದಿನಾ ಜೀವ ಕೈಲಿ ಹಿಡ್ಕೊಂಡು ಕೂತಿದ್ದೆ."

ಅಕ್ಕ ನಲ್ಲಿಯ ಕೆಳಗೆ ಕೈ ತೊಳೆದಳು. ಬೆರಳ ಸಂದಿಯ ಹಿಟ್ಟನ್ನು ನಿಧಾನವಾಗಿ ಬಿಡಿಸಿದಳು. "ಅವತ್ತು ನಾನು ಹಿಟ್ಟು ಉಬ್ಬಿಲ್ಲ ಅಂದೆ. ಎಲ್ರೂ ಅತ್ತೆ, ಜೈಲು ಅಂತ ಏನೇನೋ ಅಂದ್ರು. ನಂಗೆ ಅರ್ಥ ಆಗ್ಲಿಲ್ಲ, ಆದ್ರೆ ನಗು ಬಂತು ಕಣೇ. ನಾನೂ ಏನಾದ್ರೂ ಅನ್ನೋಣ ಅಂತ ಬೆರಳು ಎತ್ತಿದ್ದೆ. ಅಷ್ಟರಲ್ಲಿ ನೀನು ಬಂದೆ. ಒಂದೊಂದಕ್ಕೂ ಅರ್ಥ ಬರೆದೆ. ಮನೇಲಿ ಸಾವಾಗಿದೆ ಅಂದೆ. ತಕ್ಷಣ ಎಲ್ರೂ ಪಾಪ, ಪಾಪ ಅಂದ್ರು." ಅವಳು ಕೈ ಒರೆಸಿಕೊಂಡಳು. "ಮೆಟ್ಟಲಿಳಿದ್ರೆ ಪಾಪ, ತರಕಾರಿ ತರೋಕೆ ಹೋದ್ರೆ ಪಾಪ. ಒಂದು ವರ್ಷದಿಂದ ನಂಗೆ ಅದೇ ಹೆಸರಾಗಿದೆ. ಅದೊಂದು ಜಾಗದಲ್ಲಾದ್ರೂ ನಾನು ಪಾಪ ಆಗ್ದೆ ಇರ್ಬೇಕಿತ್ತು."

ಪುಟ್ಟಿಗೆ ತಾನು ಬರೆದ ಸಾಲುಗಳು ಒಂದೊಂದೇ ನೆನಪಾದವು. ಎಲ್ಲ ಸರಿಯಾದ ಪದಗಳು. ಒಂದು ಮಾತಿಗೆ ಒಂದೇ ಅರ್ಥ.

"ಹಾಗಂತ ಹೇಳಿದ್ರೆ ನಾನು ಸುಮ್ನಿರ್ತಿದ್ದೆ" ಎಂದಳು.

"ನೀನಾ?"

"...ಇರ್ತಿರ್ಲಿಲ್ಲ."

"ನೀನು ನನ್ ಪಕ್ಕದಲ್ಲಿ ಬಂದು ನಿಂತು ಮತ್ತೆ ಅರ್ಥ ಹೇಳ್ತಿದ್ದೆ. ಅದಕ್ಕೇ ಡಾಕ್ಟ್ರಿಗೆ ಹೇಳಿ ಬೇರೆ ಹೆಸರಲ್ಲಿ ಬಂದೆ. ಮೊನ್ನೆ ನೀನು ಹಾಗೆ ಬರೆದಾಗ ಮನಸ್ಸು ತಡೀಲಿಲ್ಲ. ನೇರವಾಗಿ ಹೇಳೋಣ ಅಂದ್ರೆ ಬಾಯಿ ಬರ್ಲಿಲ್ಲ. ನಿನ್ ಬಾಯಲ್ಲೇ ಹೇಳ್ಸೋದು ಸುಲಭ ಅನ್ನಿಸ್ತು." ಅಕ್ಕ ಓರೆಗಣ್ಣಿನಲ್ಲಿ ನೋಡಿದಳು. "ಸಿಟ್ಟಾ?"

"ಮೈಯೆಲ್ಲಾ ಉರಿದು ಹೋಯ್ತು. ಗುಂಪು ಬಿಡೋಕೆ ಹೊರಟಿದ್ದೆ." ಪುಟ್ಟಿ ಕುರ್ಚಿ ಎಳೆದುಕೊಂಡು ಕೂತಳು. "ನಾನು ನಿಜವಾಗ್ಲೂ ಹಾಗೆ ಕೆಮ್ತೀನಾ?"

"ಹುಟ್ಟಿದಾಗಿಂದ. ಅಮ್ಮ ಹೇಳ್ತಿದ್ರು, ಮಗು ಅಳೋಕೆ ಮುಂಚೆ ಕೆಮ್ಮುತ್ತೆ ಅಂತ."

ಮೇಜಿನ ನಡುವೆ ಅಂದಿನ ಬ್ರೆಡ್ ಇತ್ತು, ಇನ್ನೂ ಕೊಯ್ದಿರಲಿಲ್ಲ. ಅಂಚಿನಲ್ಲಿ ಅದೇ ಕಚ್ಚುಗಳು. ಪಕ್ಕದಲ್ಲಿ ಜಾಡಿಗೆ ಒರಗಿಸಿಟ್ಟ ಫೋನು. ಪುಟ್ಟಿ ಕನ್ನಡಕ ಮೂಗಿಗೇರಿಸಿ, ಬ್ರೆಡ್ಡಿನ ಸುತ್ತ ಬಗ್ಗಿ ಬಗ್ಗಿ ನೋಡಿದಳು. ಇಷ್ಟು ದಿನ ನೋಡದೆ ಬಿಟ್ಟದ್ದನ್ನೆಲ್ಲ ಇದೊಂದರಲ್ಲೇ ತೀರಿಸುವವಳಂತೆ ನೋಡಿದಳು. ಅಕ್ಕ ಅದನ್ನು ಬೋರಲು ಹಾಕಿ ಬೆರಳಿನಿಂದ ತಟ್ಟಿದಳು. ಸದ್ದು ತುಂಬ ಚೆನ್ನಾಗಿ ಬಂತು.

ಪುಟ್ಟಿ ಗಂಭೀರವಾಗಿ ಒಮ್ಮೆ ಕೆಮ್ಮಿದಳು. "ಬಣ್ಣ ಸರಿಯಾಗಿದೆ. ಅಂಚು ಸರಿಯಾಗಿದೆ. ಸದ್ದೊಂದನ್ನೇ ನಂಬೋಕಾಗಲ್ಲ, ಒಳಗೆ ಬೆಂದಿದ್ಯೋ ಇಲ್ವೋ ಗೊತ್ತಾಗ್ಬೇಕು. ಹೊಟ್ಟೆ ತೋರ್ಸು."

ಚಾಕು ಹಿಡಿದ ಅಕ್ಕನ ಕೈ ಗಾಳಿಯಲ್ಲೇ ನಿಂತಿತು.

ಜಾಡಿಗೆ ಒರಗಿದ್ದ ಫೋನಿನೊಳಗಿನಿಂದ ಹಲ್ಲು ಡಾಕ್ಟ್ರ ಧ್ವನಿ ಬಂತು. "ಯಾರದು ಈಗ ಹೊಟ್ಟೆ ತೋರ್ಸು ಅಂದಿದ್ದು?" ಭಾನುವಾರದ ಕರೆಗೆ ಅಕ್ಕ ಆಗಲೇ ಸೇರಿದ್ದಳು. ತಂಗಿ ಬಂದ ಗಡಿಬಿಡಿಯಲ್ಲಿ ಅದನ್ನು ಮುಚ್ಚಲು ಮರೆತಿದ್ದಳು. ಗುಂಪೆಲ್ಲ ಕೇಳುತ್ತಿತ್ತು. "ಮೂರನೇ ಮಹಡಿಯವ್ರಾ? ಅಥವಾ ಮಾತ್ರೆ ಮೇಡಮ್ಮೇ ಬಂದಿದಾರಾ?"

"ನಾನೇ ಡಾಕ್ಟ್ರೇ, ಮಾತ್ರೆ ಮೇಡಂ" ಎಂದಳು ಪುಟ್ಟಿ.

"ಸುಳ್ಳು. ಮಾತ್ರೆ ಮೇಡಂ ನಾನು" ಎಂದಿತು ಪಕ್ಕದಿಂದ ಪುಟ್ಟಿಯದೇ ಧ್ವನಿ, ಕೆಮ್ಮಿನ ಸಮೇತ. "ನಾನು ಹೊಟ್ಟೆ ತೋರ್ಸು ಅನ್ನೋ ಪೈಕಿ ಅಲ್ಲ."

"ಅಕ್ಕಾ, ಸುಮ್ನಿರು! ಅದು ನಾನೇ, ಬಾಯ್ತಪ್ಪಿ ಬಂತು..."

"ಅಕ್ಕಾ, ಸುಮ್ನಿರು! ಅದು ನಾನೇ, ಬಾಯ್ತಪ್ಪಿ ಬಂತು. ಊಟ ಆದ್ಮೇಲೆ ಬರ್ಬೇಕಿತ್ತು, ಊಟಕ್ಕೆ ಮುಂಚೆ ಬಂದ್ಬಿಡ್ತು. ಆಯ್ತಾ?"

ಫೋನಿನ ಆಚೆ ಎಲ್ಲರೂ ಒಟ್ಟಿಗೆ ಗೊಳ್ಳೆಂದರು. ಯಾರೋ ಬ್ರೆಡ್ ತಟ್ಟಿದರು, ಇನ್ನೊಬ್ಬರು ತಟ್ಟಿದರು, ಆಮೇಲೆ ಹತ್ತಾರು ಮನೆಗಳ ಅಡುಗೆಕೋಣೆಗಳಿಂದ ಟೊಕ್‌ಟೊಕ್ ಶುರುವಾಯಿತು. ಅಕ್ಕ ಚಾಕು ಕೆಳಗಿಟ್ಟು ಮೇಜು ಹಿಡಿದುಕೊಂಡು ನಗುತ್ತಿದ್ದಳು. ಹುಬ್ಬಿನ ಮೇಲಿನ ಹಿಟ್ಟು ಉದುರಿ ಬ್ರೆಡ್ಡಿನ ಮೇಲೆ ಬೀಳುತ್ತಿತ್ತು. ಪುಟ್ಟಿ ಏನೋ ಹೇಳಲು ಹೋದಳು, ಕೆಮ್ಮಿದಳು, ಆ ಕೆಮ್ಮು ತನಗೇ ಕೇಳಿಸಿತು. ಅಲ್ಲಿಗೆ ಮುಗಿಯಿತು. ಕನ್ನಡಕ ತೆಗೆದು ಮೇಜಿನ ಮೇಲೆಸೆದು, ಹೊಟ್ಟೆ ಹಿಡಿದುಕೊಂಡು ಅವಳು ನಕ್ಕ ನಗುವಿಗೆ ಕೆಳಗಿನ ಮಹಡಿಯವರು ಬಾಲ್ಕನಿಗೆ ಬಂದು ಮೇಲೆ ನೋಡಿದರು. ಫೋನಿನಲ್ಲಿ ಡಾಕ್ಟ್ರು "ಈಗ ನಗ್ತಿರೋದು ಯಾರು, ಅದನ್ನಾದ್ರೂ ಹೇಳಿ" ಎಂದು ಕೂಗುತ್ತಿದ್ದರು. ಅಷ್ಟು ಜೋರಾದ ನಗುವನ್ನು ಅಕ್ಕನಿಗೂ ಅಣಕಿಸಲು ಆಗಲಿಲ್ಲ.